ಪಾಸ್‌ಕೀ ಇದ್ದ ಫೋನ್ ಕಳೆದುಹೋದರೆ?

ಪಾಸ್‌ಕೀ ಅಂದರೆ ಪಾಸ್‌ವರ್ಡ್ ಬದಲು ಬೆರಳಚ್ಚು, ಮುಖ ಅಥವಾ ಪಿನ್ ಬಳಸಿ ಸೈಟಿಗೆ ಲಾಗಿನ್ ಆಗಲು ಇರುವ ಡಿಜಿಟಲ್ ಕೀಲಿ. ಫೋನ್ ಕಳೆದರೆ ಪಾಸ್‌ಕೀ ಜೊತೆ ಅಕೌಂಟೂ ಹೋಗುತ್ತದಾ, ಬೆರಳಚ್ಚು ಕಂಪನಿಯವರ ಕೈಗೆ ಸಿಗುತ್ತದಾ ಎಂದು ಕೇಳಿದ್ದೀರಿ. ಬೆರಳಚ್ಚಿನ ಚಿಂತೆ ಬಿಡಿ, ಅದು ಫೋನ್ ಬಿಟ್ಟು ಆಚೆ ಹೋಗುವುದಿಲ್ಲ.

ಪಾಸ್‌ಕೀ ಸಾಮಾನ್ಯವಾಗಿ ಆಂಡ್ರಾಯ್ಡ್‌ನಲ್ಲಿ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್‌ಗೆ, ಐಫೋನಿನಲ್ಲಿ ಐಕ್ಲೌಡ್ ಕೀಚೈನ್‌ಗೆ ಸೇರಿರುತ್ತದೆ. ಇವು ಪಾಸ್‌ವರ್ಡ್, ಪಾಸ್‌ಕೀಗಳನ್ನು ನಿಮ್ಮ ಗೂಗಲ್ ಅಥವಾ ಆಪಲ್ ಅಕೌಂಟಿನ ಜೊತೆ ಕಾಪಾಡಿಡುವ ಖಜಾನೆಗಳು. ಹೊಸ ಫೋನಿಗೆ ಅದೇ ಅಕೌಂಟ್ ಹಾಕಿದರೆ ವಾಪಸ್ ಬರುತ್ತದೆ. ಆದರೆ ಆಂಡ್ರಾಯ್ಡ್ ಆಗ ಹಳೇ ಫೋನಿನ ಸ್ಕ್ರೀನ್ ಲಾಕ್ ಪಿನ್ ಕೇಳಬಹುದು. ನಮ್ಮ ಅತ್ತೆ ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ದಿನಾ ಬೆರಳಿಟ್ಟು ತೆಗೆದೇ ರೂಢಿ, ಪಿನ್ ಮರೆತೇಹೋಗಿತ್ತು. ಅರ್ಧ ದಿನ ಹುಡುಕಿದ ಮೇಲೆ ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಸಿಕ್ಕಿತು!

ಹಾಗಂತ ಪಾಸ್‌ಕೀ ಬೇಡ ಅನ್ನಬೇಡಿ. ಅದು ಆಯಾ ಸೈಟಿನ ವಿಳಾಸಕ್ಕೇ ಅಂಟಿಕೊಂಡಿರುತ್ತದೆ. ಒಂದಕ್ಷರ ಬದಲಿಸಿದ ನಕಲಿ ಸೈಟ್ ನಮ್ಮ ಕಣ್ಣಿಗೆ ಮಣ್ಣೆರಚಬಹುದು, ಪಾಸ್‌ಕೀ ಮಾತ್ರ ಅಲ್ಲಿ ಕೆಲಸವೇ ಮಾಡುವುದಿಲ್ಲ. ಓಟಿಪಿ ಹಾಗಲ್ಲ, ಯಾರಾದರೂ ನಯವಾಗಿ ಕೇಳಿದರೆ ಗಾಬರಿಯಲ್ಲಿ ಹೇಳಿಬಿಡುತ್ತೇವೆ, ಅಲ್ವಾ?

ನನಗೆ ಬೇಸರ ತರಿಸುವುದು ಬೇರೆ ವಿಷಯ. ಎಷ್ಟೋ ಸೈಟುಗಳು ಪಾಸ್‌ಕೀ ಕೊಟ್ಟ ಮೇಲೂ ಹಳೇ ಪಾಸ್‌ವರ್ಡ್ ಬಾಗಿಲನ್ನು ತೆರೆದೇ ಇಟ್ಟಿರುತ್ತವೆ. ಅದಕ್ಕೇ ಆ ಪಾಸ್‌ವರ್ಡನ್ನೂ ಗಟ್ಟಿಯಾಗಿಡಿ. ಲ್ಯಾಪ್‌ಟಾಪ್ ಇದ್ದರೆ ಅದರಲ್ಲೂ ಒಂದು ಪಾಸ್‌ಕೀ ಮಾಡಿಕೊಳ್ಳಿ. ಪಿನ್ ನೆನಪಿದೆಯಾ ಅಂತ ಈಗಲೇ ಒಮ್ಮೆ ಒತ್ತಿ ನೋಡಿ.