ಪ್ರತಿಕ್ರಿಯೆ: ರಶೀದ್ ಜಹಾನ್ ಪಕ್ಷದ ಸದಸ್ಯೆಯೇ, ಲೇಖಕರ ಸಂಘದವರೇ?

ಉರ್ದು ಲೇಖಕಿಯರಾದ ರಶೀದ್ ಜಹಾನ್ ಮತ್ತು ಇಸ್ಮತ್ ಚುಗ್ತಾಯಿ ಕಮ್ಯುನಿಸ್ಟ್ ಪಕ್ಷದ ಸದಸ್ಯೆಯರಾಗಿದ್ದರೇ, ಮೂಲಗಳು ಏಕೆ ಬೇರೆ ಬೇರೆಯಾಗಿ ಹೇಳುತ್ತವೆ ಎಂದು ನೀವು ಕೇಳಿದ್ದೀರಿ. ಒಂದು ಮೂಲ ರಶೀದ್ ಜಹಾನ್ ಅವರನ್ನು ಕಮ್ಯುನಿಸ್ಟ್ ಪಕ್ಷದ ಸದಸ್ಯೆ ಎಂದೂ ಇನ್ನೊಂದು ಬರೀ ಪ್ರಗತಿಶೀಲ ಲೇಖಕಿ ಎಂದೂ ಬರೆದಿರುವುದಕ್ಕೆ ಬಹುಶಃ ಕಾರಣ, ಪ್ರಗತಿಶೀಲ ಲೇಖಕರ ಸಂಘದ (ಎಡಪಂಥೀಯ ಒಲವಿನ ಬರಹಗಾರರ ಸಂಘಟನೆ) ಒಡನಾಟವನ್ನೂ ಪಕ್ಷದ ಸದಸ್ಯತ್ವವನ್ನೂ ಬೇರ್ಪಡಿಸದಿರುವುದು. ಆ ಮೂಲಗಳು ಯಾವುವೆಂದು ನೀವು ತಿಳಿಸಿಲ್ಲವಾದ್ದರಿಂದ ಇದು ಊಹೆ ಮಾತ್ರ. ಅವರು ಪಕ್ಷದ ಸದಸ್ಯೆಯಾಗಿದ್ದರೆಂಬುದರಲ್ಲಿ ಅನುಮಾನವಿಲ್ಲ.

ಈ ಎರಡನ್ನೂ ಬೇರ್ಪಡಿಸಿ ನೋಡಲು ಮೊದಲು ಇಸವಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಸಂಘದ ಮೊದಲ ಸಮ್ಮೇಳನ ಲಖನೌದಲ್ಲಿ ನಡೆದದ್ದು 1936ರ ಏಪ್ರಿಲ್‌ನಲ್ಲಿ. ಪಕ್ಷವಾದರೋ 1934ರಿಂದ 1942ರವರೆಗೆ ನಿಷೇಧಕ್ಕೆ ಒಳಗಾಗಿ ಗುಟ್ಟಾಗಿ ಕೆಲಸ ಮಾಡುತ್ತಿತ್ತು. ಆದ್ದರಿಂದ ಆ ವರ್ಷಗಳ ಬಹಿರಂಗ ದಾಖಲೆಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಸದಸ್ಯತ್ವವೇ ಇರಲಿಲ್ಲವೆಂದು ತೀರ್ಮಾನಿಸುವಂತಿಲ್ಲ.

ನಂತರ ಅವರ ಕೆಲಸವನ್ನು ನೋಡಿ. ವೃತ್ತಿಯಿಂದ ವೈದ್ಯೆಯಾಗಿದ್ದ ಅವರು 1949ರಲ್ಲಿ ರೈಲ್ವೆ ಮುಷ್ಕರದ ಸಂಬಂಧ ಬಂಧನಕ್ಕೊಳಗಾಗಿ, ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆಗಿದ್ದ ದೇಹದಲ್ಲೇ ಸೆರೆಮನೆಯಲ್ಲಿ ಉಪವಾಸ ಕೂತರು. 1952ರಲ್ಲಿ ಚಿಕಿತ್ಸೆಗೆಂದು ಹೋದ ಮಾಸ್ಕೋದಲ್ಲಿ ತೀರಿಕೊಂಡರು. (ಕಥೆಗಾರ್ತಿ ಎಂದಷ್ಟೇ ಪರಿಚಯಿಸುವವರು ಈ ಭಾಗವನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ.)

ಆಮೇಲೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಗೃಹ ಇಲಾಖೆಯ ರಾಜಕೀಯ ಕಡತಗಳನ್ನೂ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪಿ.ಸಿ. ಜೋಶಿ ಪತ್ರಾಗಾರವನ್ನೂ (ಕಮ್ಯುನಿಸ್ಟ್ ಚಳವಳಿಯ ದಾಖಲೆಗಳಿರುವ ಸಂಗ್ರಹ) ಹುಡುಕಿ. ಪೊಲೀಸ್ ವರದಿಗಳು ಸಹಾನುಭೂತಿ ಇದ್ದವರನ್ನೆಲ್ಲ ಕಮ್ಯುನಿಸ್ಟರೆಂದು ಬರೆಯುತ್ತಿದ್ದುದರಿಂದ ಅವುಗಳನ್ನೇ ಪುರಾವೆಯಾಗಿ ಕೊಡಬೇಡಿ, ಸಹಕಾರ್ಯಕರ್ತರ ನೆನಪುಗಳೊಂದಿಗೆ ತಾಳೆ ನೋಡಿ. ನೀವು ಕೇಳಿರುವ ಇಸ್ಮತ್ ಚುಗ್ತಾಯಿ ಅವರ ವಿಷಯದಲ್ಲಿ, ಪ್ರತ್ಯೇಕ ಪುರಾವೆ ಸಿಗುವವರೆಗೆ ‘ಪ್ರಗತಿಶೀಲ ಚಳವಳಿಯ ಲೇಖಕಿ’ ಎಂದಷ್ಟೇ ಬರೆಯಿರಿ.