ಚಳ್ಳಕೆರೆಯಲ್ಲಿ ಶೀತಲ ಸಮ್ಮಿಳನದ ಸಂಶೋಧನೆ ನಡೆಯಲಿದೆಯೇ?

ಇಲ್ಲ. ಶೀತಲ ಸಮ್ಮಿಳನವೆಂದರೆ ಪರಮಾಣುಗಳ ಒಳತಿರುಳುಗಳನ್ನು (ನ್ಯೂಕ್ಲಿಯಸ್) ಕೋಣೆಯ ತಾಪದಲ್ಲೇ ಬೆಸೆದು ಶಕ್ತಿ ಪಡೆಯುವ ಯತ್ನ. ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಜಾಗ ಕೊಟ್ಟಿರುವುದು ಯುರೇನಿಯಂ ಪುಷ್ಟೀಕರಣದಂಥ (ಇಂಧನಕ್ಕೆ ಬೇಕಾದ ಬಗೆಯ ಯುರೇನಿಯಂನ ಪಾಲು ಹೆಚ್ಚಿಸುವ) ಕೆಲಸಕ್ಕೆ. ಚಿತ್ರದುರ್ಗದ ಹೋಟೆಲ್ ಹರಟೆಯಲ್ಲಿ ‘ಅಣು’ ಎಂದರೆ ಎಲ್ಲವೂ ಒಂದೇ. ಹಾಗೆಂದು ಈ ಸಂಸ್ಥೆಗೂ ಶೀತಲ ಸಮ್ಮಿಳನಕ್ಕೂ ನಂಟೇ ಇಲ್ಲವೆಂದಲ್ಲ: 1989ರಲ್ಲಿ ಅದರ ಟ್ರಾಂಬೆ ಪ್ರಯೋಗಾಲಯಗಳು ಸಮ್ಮಿಳನದ ಗುರುತುಗಳಾದ ಟ್ರಿಷಿಯಂ (ವಿಕಿರಣಶೀಲ ಹೈಡ್ರೊಜನ್), ನ್ಯೂಟ್ರಾನ್ ಕಂಡವೆಂದು ವರದಿ ಮಾಡಿದ್ದವು.

ಮೂಲ ಕಥೆ ಅಮೆರಿಕದ ಯೂಟಾದ್ದು. 1989ರ ಮಾರ್ಚ್ 23ರಂದು ರಸಾಯನವಿಜ್ಞಾನಿಗಳಾದ ಫ್ಲೈಶ್‌ಮನ್ ಮತ್ತು ಪಾನ್ಸ್, ಭಾರಜಲದಲ್ಲಿ (ಡ್ಯೂಟೀರಿಯಂ ಎಂಬ ಭಾರದ ಹೈಡ್ರೊಜನ್ ಇರುವ ನೀರು) ಪಲ್ಲಾಡಿಯಂ ಲೋಹದ ಕಡ್ಡಿ ಇಳಿಸಿ ವಿದ್ಯುತ್ ಹರಿಸಿದಾಗ ಕೊಟ್ಟದ್ದಕ್ಕಿಂತ ಹೆಚ್ಚು ಶಾಖ ಬಂತೆಂದು, ಅದು ಸಮ್ಮಿಳನದ್ದೆಂದು ಘೋಷಿಸಿದರು. ಪ್ರಬಂಧಕ್ಕೂ ಮೊದಲೇ ಪತ್ರಿಕಾಗೋಷ್ಠಿ! ಅಲ್ಲೇ ಎಡವಿದ್ದು.

ಭೌತವಿಜ್ಞಾನಿಗಳ ತಕರಾರು ಗಟ್ಟಿಯಾದದ್ದು. ಎರಡು ಡ್ಯೂಟೀರಿಯಂ ನ್ಯೂಕ್ಲಿಯಸ್‌ಗಳು ಕೂಡಿದಾಗ ಸುಮಾರು ಅರ್ಧದಷ್ಟು ಸಲ ನ್ಯೂಟ್ರಾನ್ ಹೊರಬೀಳುತ್ತದೆ. ಒಂದು ವ್ಯಾಟ್ ಶಾಖ ಬರಬೇಕಾದರೆ ಸೆಕೆಂಡಿಗೆ ಹತ್ತಾರು ಸಾವಿರ ಕೋಟಿ ನ್ಯೂಟ್ರಾನ್‌ಗಳು ಸಿಡಿಯಬೇಕು. ಆ ಗಾಜಿನ ಪಾತ್ರೆಯ ಪಕ್ಕ ಗಂಟೆಗಟ್ಟಲೆ ನಿಂತವರು ಉಳಿಯುತ್ತಿರಲಿಲ್ಲ.

ಗೂಗಲ್ ಹಣ ಕೊಟ್ಟು ಮಾಡಿಸಿದ ಮರುಪರೀಕ್ಷೆಯೂ ಪುರಾವೆ ಸಿಗಲಿಲ್ಲವೆಂದು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹೇಳಿತು. ಆದರೂ 2023ರಲ್ಲಿ ಅಮೆರಿಕದ ಇಂಧನ ಇಲಾಖೆಯ ಅಂಗಸಂಸ್ಥೆಯೊಂದು ಎಂಟು ತಂಡಗಳಿಗೆ ಒಟ್ಟು ಒಂದು ಕೋಟಿ ಡಾಲರ್ ನೀಡಿತು, ‘ಕಡಿಮೆ ಶಕ್ತಿಯ ಅಣು ಕ್ರಿಯೆ’ ಎಂಬ ಹೊಸ ಹೆಸರಿನಲ್ಲಿ.