ತೋಟಾ ಹಳೆಯದು, ಹೊಡೆಯಬಹುದಾ?

ಪ್ರಶ್ನೆ: ಸರ್, ನಾವು ವಿರಾಜಪೇಟೆ ಕಡೆಯವರು. ನನ್ನ ಹೆಸರಲ್ಲಿ .315 ರೈಫಲ್ ಇದೆ. ಕೈಲ್‌ಪೊಳ್ದ್ (ಕೊಡಗಿನ ಆಯುಧ ಪೂಜೆಯ ಹಬ್ಬ) ಹತ್ತಿರ ಬಂತೆಂದು ಕೋವಿ ಒರೆಸಲು ಕೂತಾಗ, ಗೋಡೌನ್ ಕಪಾಟಿನಲ್ಲಿ ಇಟ್ಟು ಮರೆತಿದ್ದ ತೋಟಾ ಪ್ಯಾಕೆಟ್ ನೆನಪಾಯಿತು. ಬುಡದಲ್ಲಿ 'ಕೆಎಫ್' ಎಂದಿದೆ. ಕೆಲವಕ್ಕೆ ಹಸಿರು ಕಿಲುಬು ಹಿಡಿದಿದೆ. ಹುಣಸೆಹಣ್ಣು ಹಾಕಿ ಉಜ್ಜಿ ಹಬ್ಬಕ್ಕೆ ಹೊಡೆಯಬಹುದಾ? ಕಂಪನಿ ಮಾಲು ತಾನೇ?

ಉತ್ತರ: ಮೊದಲಿಗೆ, ಉಜ್ಜಬೇಡಿ. ಹುಣಸೆಹಣ್ಣು, ಬ್ರಾಸ್ ಪಾಲಿಶ್ ಎರಡೂ ಬೇಡ. ಉಜ್ಜಿದರೆ ಗುರುತು ಹೋಗುತ್ತದೆ, ರೋಗ ಒಳಗೇ ಉಳಿಯುತ್ತದೆ.

'ಕೆಎಫ್' ಅಂದರೆ ಪುಣೆ ಪಕ್ಕದ ಖಡ್ಕಿ ಕಾರ್ಖಾನೆಯ ಮಾಲು. 1869ರಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ ಅದು. 2021ರಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಕೆಳಗಿದೆ. ಆದರೆ ಬುಡದ ಮುದ್ರೆ ಹೇಳುವುದು ತೋಟಾ ಎಲ್ಲಿ ಹುಟ್ಟಿತು ಅಂತ ಮಾತ್ರ. ಆಮೇಲೆ ಅದು ಎಲ್ಲಿ, ಹೇಗೆ ಬಿದ್ದಿತ್ತು ಅನ್ನುವುದನ್ನು ಹೇಳುವುದಿಲ್ಲ. ಕಾರ್ಖಾನೆ ತೋಟಾ ಕೆಡುವುದು ಜಾಸ್ತಿ ಇಟ್ಟ ಜಾಗದಿಂದಲೇ.

ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು ಆ 'ಗೋಡೌನ್' ಅನ್ನುವ ಪದ. ಅಲ್ಲಿ ಗೊಬ್ಬರದ ಮೂಟೆಯೂ ಇರುತ್ತದೆ, ಅಲ್ವಾ? ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ ಆದ ಒಂದು ಸಂಗತಿ ಕೇಳಿ. ಮಳೆಗಾಲದಲ್ಲಿ ಸೇನೆಯ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ಮುಗಿದು ತೆಗೆದು ನೋಡಿದರೆ ಹಿತ್ತಾಳೆ ಬಿರುಕು ಬಿಟ್ಟಿರುತ್ತಿತ್ತು. ಗುಂಡನ್ನು ಬಿಗಿಯಾಗಿ ಹಿಡಿದಿರುವ ಕತ್ತಿನ ಹತ್ತಿರ ಅದು ಜಾಸ್ತಿ. ಕಾರಣ ತಿಳಿದದ್ದು 1921ರಲ್ಲಿ. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಜೊತೆಗೆ ಕಾರ್ಖಾನೆಯಲ್ಲಿ ಎಳೆದು ರೂಪ ಕೊಟ್ಟಾಗ ಹಿತ್ತಾಳೆಯೊಳಗೆ ಉಳಿದುಹೋದ ಬಿಗಿತ. ಎರಡೂ ಸೇರಿದರೆ ಹಿತ್ತಾಳೆ ತಾನಾಗಿಯೇ ಸೀಳುತ್ತದೆ. ಒದ್ದೆಯಾದ ಯೂರಿಯಾದಿಂದಲೂ, ದನದ ಕೊಟ್ಟಿಗೆಯಿಂದಲೂ ಬರುವುದು ಅದೇ ಅಮೋನಿಯಾ. ಕೆಲವು ಬ್ರಾಸ್ ಪಾಲಿಶ್‌ನಲ್ಲೂ ಅದಿರುತ್ತದೆ. ಕೊಡಗಿನ ಮಳೆಯಲ್ಲಿ ಗೊಬ್ಬರದ ಪಕ್ಕ ತೋಟಾ ಇಟ್ಟರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಈಗ ಹಗಲು ಬೆಳಕಿನಲ್ಲಿ ಒಂದೊಂದನ್ನೇ ನೋಡಿ. ಹಿತ್ತಾಳೆ ಕಂದು ಬಣ್ಣಕ್ಕೆ ತಿರುಗಿದ್ದರೆ ಚಿಂತೆಯಿಲ್ಲ, ಅದು ವಯಸ್ಸು. ಹಸಿರು ಪುಡಿ ಇದ್ದರೆ ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಕೆಳಗೆ ಉಗುರಿಗೆ ಸಿಗುವಂಥ ಗುಳಿ ಇದ್ದರೆ ಆ ತೋಟಾ ಬೇಡ. ಕತ್ತನ್ನು ಭೂತಗನ್ನಡಿಯಲ್ಲಿ ನೋಡಿ, ಕೂದಲೆಳೆಯಷ್ಟು ಸೀಳಿದ್ದರೂ ಬೇಡ. ಆಮೇಲೆ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ. ಒಂದು ಗಿಡ್ಡ ಕಂಡರೆ ಅದರ ಗುಂಡು ಒಳಕ್ಕೆ ಜಾರಿದೆ. ಮದ್ದಿಗೆ ಜಾಗ ಕಡಿಮೆಯಾದರೆ ಒತ್ತಡ ಏರುತ್ತದೆ. ಅಂಥದ್ದನ್ನು ಹೊಡೆಯುವುದು ನಿಜಕ್ಕೂ ಅಪಾಯ. ಬೆರಳಲ್ಲಿ ತಿರುಗಿಸಿದರೆ ಗುಂಡು ತಿರುಗುವಂತಿದ್ದರೂ ಬೇಡ. ಬುಡದ ಕೇಪು (ಪಿನ್ನು ಬಡಿದಾಗ ಕಿಡಿ ಕೊಟ್ಟು ಮದ್ದು ಹೊತ್ತಿಸುವ ಚಿಕ್ಕ ಬಟ್ಟಲು) ಮಟ್ಟಸವಾಗಿ, ಇಲ್ಲವೇ ಚೂರು ಒಳಗೆ ಕೂತಿರಬೇಕು. ಹೊರಗೆ ಉಬ್ಬಿದ್ದರೆ ಅದೂ ಬೇಡ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವವರಿದ್ದಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಸರಿಯಾದ ತೋಟಾದಲ್ಲೂ ಮದ್ದು ಕುಲುಕಬಹುದು.

ಬೇಡದವನ್ನು ಒಲೆಗೆ ಹಾಕುವುದು, ಗುಂಡಿ ತೋಡಿ ಹೂಳುವುದು ಎರಡೂ ತಪ್ಪು. ಲೈಸೆನ್ಸ್ ಇರುವ ಡೀಲರ್‌ಗೆ ಇಲ್ಲವೇ ಠಾಣೆಗೆ ಕೊಡಿ. ಲೈಸೆನ್ಸ್‌ದಾರರು ತೀರಿಕೊಂಡ ಮನೆಗಳಲ್ಲಿ ಸಿಗುವ ತೋಟಾವನ್ನೂ ಹಾಗೆಯೇ ತಡ ಮಾಡದೆ ಒಪ್ಪಿಸಬೇಕು. ಆಯುಧ ಕಾಯ್ದೆಯ 21ನೇ ಸೆಕ್ಷನ್ ಹೇಳುವುದೂ ಅದನ್ನೇ.

ಚೆನ್ನಾಗಿ ಕಂಡವನ್ನಾದರೂ ಹಬ್ಬದ ದಿನ ಹೊಡೆಯಬೇಡಿ ಎಂಬುದು ನನ್ನ ಮಾತು. ತೆಂಗಿನಕಾಯಿಗೆ ಗುರಿ ಇಡುವಾಗ ಸುತ್ತ ಮಕ್ಕಳು ಮರಿ ಇರುತ್ತಾರೆ. ಹಳೆಯ ತೋಟಾ ಪರೀಕ್ಷೆ ಮಾಡುವ ಜಾಗ ಅದಲ್ಲ. ಹೊಸ ಪ್ಯಾಕೆಟ್ ತನ್ನಿ. ಅದನ್ನು ಮನೆಯೊಳಗೆ, ಕೋವಿಯಿಂದ ಬೇರೆಯಾಗಿ, ಬೀಗ ಹಾಕಿದ ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಶೀಟಿನ ಕೆಳಗಿನ ಅಟ್ಟ ಬೇಡ, ಬಿಸಿಲಲ್ಲಿ ನಿಂತ ಜೀಪೂ ಬೇಡ. ತೋಟಾಗೆ ಎಣ್ಣೆ ಸವರಬೇಡಿ, ಕೇಪಿನೊಳಗೆ ಇಳಿದರೆ ಅದು ಸತ್ತೇ ಹೋಗಬಹುದು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ 50 ಮೀಟರ್ ರೈಫಲ್ ಅಭ್ಯಾಸ ಮಾಡುವ ವಿದ್ಯಾರ್ಥಿನಿ. ಜೊತೆಯವರೆಲ್ಲ ಎಲಿ ಟೆನೆಕ್ಸ್ ಎಂಬ ದುಬಾರಿ .22 ತೋಟಾ ತಗೋ ಅಂತಾರೆ. ಅಪ್ಪನಿಗೆ ಅಷ್ಟು ಖರ್ಚು ಹಾಕಿಸಲು ಮನಸ್ಸಿಲ್ಲ. ದುಬಾರಿ ತೋಟಾ ಅಂದರೆ ಒಳ್ಳೆಯದು ಅಂತಲೇ?

ಉತ್ತರ: ಅಪ್ಪನ ದುಡ್ಡಿನ ಬಗ್ಗೆ ಯೋಚಿಸಿದ್ದು ಖುಷಿಯಾಯಿತಮ್ಮ. ದುಬಾರಿ ತೋಟಾ ಒಂದರಂತೆ ಇನ್ನೊಂದು ಇರುತ್ತದೆ, ಅದಂತೂ ನಿಜ. ಆದರೆ ನಿನ್ನ ನಳಿಗೆಗೆ ಅದು ಒಗ್ಗುತ್ತದೆಯೇ ಎಂಬುದು ಬೇರೆ ಮಾತು. ಒಂದೇ ಬ್ರ್ಯಾಂಡಿನ, ಬೇರೆ ಬೇರೆ ಸಲ ತಯಾರಾದ ಎರಡು ಲಾಟ್‌ಗಳೇ ಒಂದು ನಳಿಗೆಯಲ್ಲಿ ಬೇರೆ ಬೇರೆ ಥರ ಬೀಳುತ್ತವೆ. ಅದಕ್ಕೇ ದೊಡ್ಡ ಶೂಟರ್‌ಗಳು ರೈಫಲ್ ಹೊತ್ತುಕೊಂಡು ಬರ್ಮಿಂಗ್‌ಹ್ಯಾಮ್‌ನ ಎಲಿ ರೇಂಜಿಗೋ ಜರ್ಮನಿಯ ಶೋನೆಬೆಕ್‌ನ ಲಪುವಾ ತೋಟಾ ಕಂಪನಿಯ ಕೇಂದ್ರಕ್ಕೋ ಹೋಗಿ, ಹಲವು ಲಾಟ್ ಹೊಡೆದು ನೋಡಿ ಒಂದನ್ನು ಆರಿಸುತ್ತಾರೆ. 50 ಮೀಟರ್ ಗುರಿಹಲಗೆಯ ಹತ್ತರ ವೃತ್ತದ ಅಗಲ ಬರೀ 10.4 ಮಿಲಿಮೀಟರ್. ಅಲ್ಲಿ ಸಣ್ಣ ವ್ಯತ್ಯಾಸಕ್ಕೂ ಅಂಕ ಹೋಗುತ್ತದೆ.

ನೀನು ಇಲ್ಲೇ ಮಾಡಬಹುದು. ಗೆಳತಿಯರು ಸೇರಿ ಮೂರು ನಾಲ್ಕು ಥರದ ತೋಟಾ ಹಂಚಿಕೊಳ್ಳಿ. ರೈಫಲನ್ನು ಆಸರೆ ಮೇಲೆ ಭದ್ರವಾಗಿಟ್ಟು, ಒಂದೊಂದು ಲಾಟಿಗೂ ಹತ್ತು ಹೊಡೆತದ ಕೆಲವು ಗುಂಪು ಹೊಡಿ. ತೋಟಾ ಬದಲಿಸಿದ ಕೂಡಲೇ ಲೆಕ್ಕ ಬೇಡ. .22 ಗುಂಡಿನ ಮೇಲಿನ ಮೇಣ ಬೇರೆ ಬೇರೆ, ಹೊಸದು ನಳಿಗೆಗೆ ಹಿಡಿಯಲು ಕೆಲವು ಹೊಡೆತ ಬೇಕು. ಮೂರು ಗುಂಡು ಒಂದೇ ತೂತಿಗೆ ಬಿತ್ತೆಂದು ಕುಣಿಯಬೇಡ, ಮೂರು ಸುಮ್ನೆ ಹಾಗೆ ಬೀಳಬಹುದು. ಗುಂಪು ಮೇಲೆ ಕೆಳಗೆ ಉದ್ದವಾಗಿ ಹರಡಿದರೆ ವೇಗ ಒಂದೇ ಸಮ ಇಲ್ಲ ಎಂದು ಅನುಮಾನ ಪಡು. .22ರಲ್ಲಿ ಕೇಪಿನ ಮಸಾಲೆ ಬುಡದ ಅಂಚಿನೊಳಗೆ ಸುತ್ತಲೂ ಸಮವಾಗಿ ಹರಡಿರಬೇಕು. ಅಗ್ಗದ ಮಾಲು ತಪ್ಪುವ ಜಾಗಗಳಲ್ಲಿ ಅದೂ ಒಂದು. 'ಹೈ ಸ್ಪೀಡ್' ಎಂದು ಬರೆದದ್ದನ್ನು ಮಾತ್ರ ಕೊಳ್ಳಬೇಡ. ಅದು ಶಬ್ದದ ವೇಗ ಮೀರಿ ಹೊರಟು, ದಾರಿಯಲ್ಲಿ ಮತ್ತೆ ಅದರ ಕೆಳಗೆ ಇಳಿಯುವಾಗ ಅಲುಗುತ್ತದೆ. ಪಂದ್ಯದ ತೋಟಾ ಶುರುವಿನಿಂದಲೇ ಶಬ್ದಕ್ಕಿಂತ ನಿಧಾನ.

ಮಧ್ಯಮ ಬೆಲೆಯದು ಒಗ್ಗಿದರೆ ಅದೇ ಲಾಟ್ ನಂಬರಿನದನ್ನು, ನಿನಗೆ ಅನುಮತಿ ಇರುವಷ್ಟು, ಒಟ್ಟಿಗೆ ತಗೋ.

ಪ್ರಶ್ನೆ: ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದೇವೆ. ವಾರಾಂತ್ಯಕ್ಕೆ ರೇಂಜಿಗೆ ಹೋಗುವ ಅಭ್ಯಾಸ. .223 ಮತ್ತು 5.56 ತೋಟಾ ಎರಡೂ ಒಂದೇ ಅಂತಾರೆ, ಹೌದೇ? ಪೂರ್ವ ಯುರೋಪಿನ ಹಳೆಯ ಮಿಲಿಟರಿ ತೋಟಾ ಅಗ್ಗಕ್ಕೆ ಸಿಗುತ್ತದೆ, ತಗೊಳ್ಳಲೇ?

ಉತ್ತರ: ಹೊರಗಿನಿಂದ ಒಂದೇ ಥರ ಕಾಣುತ್ತವೆ. ಆದರೆ .223 ಎಂದು ಮಾತ್ರ ಕೊರೆದಿರುವ ನಳಿಗೆಯಲ್ಲಿ 5.56 ಹೊಡೆಯಬೇಡಿ, ಒತ್ತಡ ಮಿತಿ ಮೀರಬಹುದು. 5.56 ನಳಿಗೆಯಲ್ಲಿ .223 ಹೊಡೆಯಬಹುದು. ಇದಕ್ಕಿಂತ ಭಯಂಕರ ಇನ್ನೊಂದು ತೋಟಾ, .300 ಬ್ಲ್ಯಾಕ್‌ಔಟ್. ಅದು 5.56 ಮ್ಯಾಗಜೀನಿನಲ್ಲಿ ಆರಾಮಾಗಿ ಕೂರುತ್ತದೆ, ಕೆಲವು ಸಲ ಚೇಂಬರಿಗೂ (ನಳಿಗೆಯ ಹಿಂದೆ ತೋಟಾ ಕೂರುವ ಗೂಡು) ಹೋಗುತ್ತದೆ. ದಪ್ಪ ಗುಂಡು ಸಣ್ಣ ನಳಿಗೆಯಲ್ಲಿ ಸಿಕ್ಕಿ ರೈಫಲ್ ಸಿಡಿಯುತ್ತದೆ. ಎರಡೂ ಇರುವವರು ಒಂದೇ ಚೀಲದಲ್ಲಿ ಒಯ್ಯಲೇಬೇಡಿ.

ಹಳೆಯ ಮಿಲಿಟರಿ ತೋಟಾ ಕೊಳ್ಳಬಹುದು, ಆದರೆ ಬಹಳಷ್ಟರ ಕೇಪಿನಲ್ಲಿ ಪೊಟ್ಯಾಷಿಯಂ ಕ್ಲೋರೇಟ್ ಇರುತ್ತದೆ. ಸುಟ್ಟ ಮೇಲೆ ನಳಿಗೆಯಲ್ಲಿ ಉಪ್ಪು ಉಳಿದು ತೇವ ಹೀರುತ್ತದೆ. ನಿಮ್ಮೂರಿನ ಸೆಕೆಗೆ ತುಕ್ಕು ಹಿಡಿಯಲು ಹೆಚ್ಚು ಹೊತ್ತು ಬೇಡ. ಎಣ್ಣೆಗೆ ಆ ಉಪ್ಪು ಕರಗುವುದಿಲ್ಲ. ಅದೇ ದಿನ ಬಿಸಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಾಕಿ.

ಪ್ರಶ್ನೆ: ಕೋವಿಯ ಕುದುರೆ (ಟ್ರಿಗರ್) ಎಳೆದಾಗ 'ಟಕ್' ಅಂತ ಮಾತ್ರ ಆದರೆ ಏನು ಮಾಡಬೇಕು? – ಸಕಲೇಶಪುರದ ಓದುಗರು

ಉತ್ತರ: ಕೋವಿಯ ಮೂತಿ ಗುರಿಯ ಕಡೆಗೇ ಇರಲಿ. ಬೋಲ್ಟ್ (ತೋಟಾದ ಹಿಂದೆ ಚೇಂಬರ್ ಮುಚ್ಚುವ ಅಗುಳಿ) ತೆಗೆಯಬೇಡಿ. ಕನಿಷ್ಠ 30 ಸೆಕೆಂಡ್ ಹಾಗೇ ಹಿಡಿದಿರಿ, ಒಂದು ನಿಮಿಷವಾದರೆ ಇನ್ನೂ ಒಳ್ಳೆಯದು. ಕೆಲವು ತೋಟಾ ತಡವಾಗಿ ಸಿಡಿಯುತ್ತವೆ. ಆಮೇಲೆ ಮುಖ ಪಕ್ಕಕ್ಕಿಟ್ಟು ತೆಗೆಯಿರಿ. ಕೇಪಿನ ಮೇಲೆ ಪಿನ್ನಿನ ಗುರುತು ಆಳವಾಗಿದ್ದರೆ ತಪ್ಪು ತೋಟಾದ್ದು. ತೆಳುವಾಗಿದ್ದರೆ ಕೋವಿಯ ಸ್ಪ್ರಿಂಗೋ ಪಿನ್ನೋ ಸೋತಿರಬಹುದು.

ಇದಕ್ಕಿಂತ ಹೆಚ್ಚು ಹೆದರಬೇಕಾದ್ದು 'ಪುಸ್' ಅನ್ನುವ ಸದ್ದಿಗೆ. ಸದ್ದು ಕಡಿಮೆ, ಒದೆತ ಕಡಿಮೆ ಅನಿಸಿದರೆ ಗುಂಡು ನಳಿಗೆಯ ಮಧ್ಯ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಒಡೆಯುತ್ತದೆ, ಕೈ ಹೋಗುತ್ತದೆ. ಪಂದ್ಯದ ಮಧ್ಯೆಯಾದರೂ ನಿಲ್ಲಿಸಿ. ಅರ್ಧ ನಿಮಿಷ ಕಾದು, ಬೋಲ್ಟ್ ತೆಗೆದು, ಚೇಂಬರ್ ಖಾಲಿ ಮಾಡಿ, ಹಿಂದಿನಿಂದ ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಮನೆಯಲ್ಲಿ ಸುತ್ತಿಗೆ ಹಿಡಿಯಬೇಡಿ, ಕೋವಿ ರಿಪೇರಿಯವರಿಗೆ ಕೊಡಿ. ಆ ಪ್ಯಾಕೆಟ್ಟಿನ ಉಳಿದ ತೋಟಾವನ್ನು ಲಾಟ್ ನಂಬರ್ ಇರುವ ಪೆಟ್ಟಿಗೆ ಸಮೇತ ಡೀಲರ್‌ಗೆ ತೋರಿಸಿ.